ಪುಕ್ಕಟೆ ಸಿಗುವ ಕೋಡ್ ಮೇಲೆ ಕಟ್ಟಿದ ಸಾಫ್ಟ್‌ವೇರ್‌ಗೆ ದುಡ್ಡು ಕೇಳುವ ಮೊದಲು

ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ರೈತ ತಂದ ಚೀಲ ಎಷ್ಟು, ತೂಕ ಎಷ್ಟು, ರಾಶಿಯೋ ಬೆಟ್ಟೆಯೋ ಗೊರಬಲೋ, ಟೆಂಡರ್‌ನಲ್ಲಿ ಸಿಕ್ಕ ದರ, ಹಮಾಲಿ, ಮೊದಲೇ ತೆಗೆದುಕೊಂಡ ಮುಂಗಡ, ಎಲ್ಲಾ ಕಳೆದು ಕೈಗೆ ಬರುವುದೆಷ್ಟು. ಇಷ್ಟನ್ನು ಲೆಕ್ಕ ಹಾಕಿ ಪಟ್ಟಿ ತೆಗೆದುಕೊಡುವ ಪ್ರೋಗ್ರಾಮ್. 18,000 ರೂಪಾಯಿ ತೆಗೆದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಯಜಮಾನರ ಫೋನ್ ಬಂತು.

"ಅಲ್ಲ ಮಾರಾಯ, ನಮ್ಮ ತಂಗಿ ಮಗ ಬಂದಿದ್ದ. ಇಂಜಿನಿಯರಿಂಗ್ ಓದ್ತಾ ಇದಾನೆ. ನೀನು ಕೊಟ್ಟಿದ್ದರ ಒಳಗೆ ಇರೋದೆಲ್ಲಾ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗತ್ತಂತೆ. ಹೌದಾ?"

"ಹಾಗಲ್ಲ ಯಜಮಾನ್ರೇ..." ಎಂದೆ. ಮುಂದೆ ಮಾತು ಹೊರಡಲಿಲ್ಲ. ದುಡ್ಡು ತೆಗೆದುಕೊಂಡಿದ್ದರಲ್ಲಿ ತಪ್ಪಿರಲಿಲ್ಲ, ಅದು ಗೊತ್ತಿತ್ತು. ಆದರೆ ಒಳಗೆ ಏನಿದೆ ಅಂತ ನಾನು ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ತೊದಲಿದ್ದು ಅದಕ್ಕೆ.

ಅವತ್ತಿನಿಂದ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಯಾರ ಕೋಡ್, ಎಲ್ಲಿಂದ ಬಂತು, ಪುಕ್ಕಟೆ ಎಲ್ಲಿ ಸಿಗುತ್ತದೆ, ನಾನು ಸೇರಿಸಿದ್ದೇನು ಎಂದು ಗಿರಾಕಿಗೆ ಪೂರ್ತಿ ಹೇಳಿದ ಮೇಲೂ ಅವರು ದುಡ್ಡು ಕೊಡುತ್ತಾರಾ? ಕೊಡುತ್ತಾರೆ ಅಂತಾದರೆ ಆ ವ್ಯಾಪಾರ ಸರಿ ಇದೆ. ಹೇಳಿದರೆ ಕೊಡುವುದಿಲ್ಲ ಅನ್ನುವ ಹೆದರಿಕೆ ಇದ್ದರೆ, ನಾವು ಮಾರುತ್ತಿರುವುದು ಅವರಿಗೆ ಗೊತ್ತಿಲ್ಲದಿರುವುದನ್ನೇ. ಕೆಳಗಿನ ಹೆಜ್ಜೆಗಳೆಲ್ಲಾ ಈ ಪರೀಕ್ಷೆ ಪಾಸಾಗುವುದಕ್ಕೆ. ದೊಡ್ಡ ಕಂಪನಿಗಳಿಗೆ ವಕೀಲರಿರುತ್ತಾರೆ. ಅಂಗಡಿಗೆ, ಶಾಲೆಗೆ, ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಮಾಡಿಕೊಡುವ ನಮ್ಮಂಥ ಒಬ್ಬಿಬ್ಬರ ಅಂಗಡಿಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆದಿದ್ದೇನೆ.

ಮೊದಲು ಒಂದು ಅಂಜಿಕೆ ಬಿಡಿ

ಓಪನ್ ಸೋರ್ಸ್ ಕೋಡ್, ಅಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದು ಎಂದು ಬರೆದವರೇ ಬಿಟ್ಟುಕೊಟ್ಟ ಕೋಡ್, ಇಟ್ಟುಕೊಂಡು ದುಡ್ಡು ಮಾಡುವುದೇ ತಪ್ಪು ಅಂತ ಸುಮಾರು ಜನ ನಂಬಿದ್ದಾರೆ. ಆದರೆ ಇದಕ್ಕೆಲ್ಲಾ ಬುನಾದಿಯಾದ ಫ್ರೀ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರಲ್ಲಿ ತಮ್ಮ ಇಮ್ಯಾಕ್ಸ್ ಎಡಿಟರನ್ನು ಟೇಪಿಗೆ ತುಂಬಿಸಿ 150 ಡಾಲರ್‌ಗೆ ಕಳಿಸುತ್ತಿದ್ದರು. ಬೇಕಾದವರು ನೆಟ್‌ವರ್ಕ್‌ನಿಂದ ಸುಮ್ಮನೆ ಇಳಿಸಿಕೊಳ್ಳಬಹುದಿತ್ತು. ಇಳಿಸಿಕೊಳ್ಳಲು ಆಗದವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಿದ್ದರು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮೊದಲು ಬಂದಾಗ, 1991ರಲ್ಲಿ, ಅದನ್ನು ಹಂಚಲು ದುಡ್ಡು ಕೇಳಬಾರದು ಎಂಬ ಷರತ್ತಿತ್ತು. ಮರುವರ್ಷವೇ ಅದನ್ನು ಬರೆದ ಲಿನಸ್ ಟೊರ್ವಾಲ್ಡ್ಸ್ ಆ ಷರತ್ತು ಕೈಬಿಟ್ಟು, ಸ್ಟಾಲ್‌ಮನ್ ಬರೆದ ಜಿಪಿಎಲ್ ಎಂಬ ಲೈಸೆನ್ಸ್‌ಗೆ (ಕೋಡನ್ನು ಯಾವ ಷರತ್ತಿನ ಮೇಲೆ ಬಳಸಬಹುದು ಎಂದು ಹೇಳುವ ಪತ್ರ) ಬಂದರು. ಆಮೇಲೆ ಅದರ ಮೇಲೆ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ 3,400 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಆ ಲೈಸೆನ್ಸಿನ ಮೂರನೇ ಆವೃತ್ತಿ ಜಿಪಿಎಲ್ 3ರ ಒಳಗೇ ಈ ಮಾತಿದೆ. ಪ್ರತಿಗೆ ಎಷ್ಟು ಬೇಕಾದರೂ ಬೆಲೆ ಕೇಳಬಹುದು, ಕೇಳದೆಯೂ ಇರಬಹುದು, ಸಪೋರ್ಟಿಗೆ ಬೇರೆ ದುಡ್ಡು ತೆಗೆದುಕೊಳ್ಳಬಹುದು. ಚಿತ್ರ ಬಿಡಿಸುವ ಕ್ರಿಟಾ ಪ್ರೋಗ್ರಾಮ್ ನೋಡಿ. ಅದರ ಸ್ವಂತ ಸೈಟಿನಲ್ಲಿ ಪುಕ್ಕಟೆ. ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್‌ಗಳಲ್ಲಿ ಅದೇ ಜನ ಅದನ್ನೇ ದುಡ್ಡಿಗೆ ಇಟ್ಟಿದ್ದಾರೆ. ಆ ದುಡ್ಡು ಅದನ್ನು ಮಾಡುವವರ ಸಂಬಳಕ್ಕೆ ಹೋಗುತ್ತದೆ. ಬೇರೆಯಲ್ಲಿ ಪುಕ್ಕಟೆ ಸಿಗುವ ಓಪನ್ ಸೋರ್ಸ್ ಪ್ರೋಗ್ರಾಮನ್ನು ಸ್ಟೋರ್‌ನಲ್ಲಿ ಮಾರಬಾರದು ಎಂದು 2022ರಲ್ಲಿ ಮೈಕ್ರೋಸಾಫ್ಟ್ ನಿಯಮ ತರಲು ಹೊರಟಿತ್ತು. ಯಾರೋ ಮಾಡಿದ್ದನ್ನು ಇನ್ಯಾರೋ ಎತ್ತಿ ಮಾರುವುದನ್ನು ತಡೆಯುವುದು ಉದ್ದೇಶ. ಆದರೆ ಏಟು ಬೀಳುವುದು ಕ್ರಿಟಾದಂಥವರಿಗೆ. ಗಲಾಟೆ ಆಗಿ ಆ ಮಾತನ್ನು ತೆಗೆದುಹಾಕಿದರು.

ಮೊದಲ ಹೆಜ್ಜೆ: ಒಳಗೆ ಏನೇನಿದೆ ಅಂತ ಬರೆಯಿರಿ

ನನ್ನ ಮಂಡಿ ಸಾಫ್ಟ್‌ವೇರ್‌ನಲ್ಲಿ ಹದಿಮೂರು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಇವೆ ಅಂದುಕೊಂಡಿದ್ದೆ. ಪಟ್ಟಿ ತೆಗೆದಾಗ ಎಂಬತ್ತು ದಾಟಿತ್ತು. ನಾವು ಕರೆದದ್ದು ಒಬ್ಬರನ್ನು, ಅವರ ಹಿಂದೆ ಅವರ ನೆಂಟರೆಲ್ಲಾ ಬಂದು ಕೂತಿರುತ್ತಾರೆ. ಪೈಥಾನ್ ಬಳಸುವವರಿಗೆ ಪಿಪ್-ಲೈಸೆನ್ಸಸ್, ನೋಡ್ ಬಳಸುವವರಿಗೆ ಲೈಸೆನ್ಸ್-ಚೆಕರ್ ಅನ್ನುವ ಸಣ್ಣ ಉಪಕರಣಗಳಿವೆ. ಒಂದು ನಿಮಿಷದಲ್ಲಿ ಲೈಬ್ರರಿಯ ಹೆಸರು, ಆವೃತ್ತಿ, ಲೈಸೆನ್ಸ್ ಮೂರನ್ನೂ ಕೊಡುತ್ತವೆ. ಅದನ್ನು ಒಂದು ಶೀಟ್‌ಗೆ ಹಾಕಿ. ಉಪಕರಣ "ಗೊತ್ತಿಲ್ಲ" ಎಂದು ತೋರಿಸಿದ ಸಾಲುಗಳನ್ನು ನೀವೇ ಹೋಗಿ ನೋಡಬೇಕು.

ಉಪಕರಣದ ಕಣ್ಣಿಗೆ ಬೀಳದ್ದು ಬೇಕಾದಷ್ಟಿರುತ್ತದೆ. ಯಾವುದೋ ಸೈಟಿನಿಂದ ಎತ್ತಿಕೊಂಡ ಐಕಾನ್. ಹಳೇ ಪ್ರಾಜೆಕ್ಟಿನಿಂದ ತಂದ ಫಾಂಟ್. ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರದ ಸೈಟಿನಿಂದ ಅಂಟಿಸಿಕೊಂಡ ನಲವತ್ತು ಸಾಲು. ಅಲ್ಲಿನ ಬರಹಕ್ಕೂ ಲೈಸೆನ್ಸ್ ಇದೆ, ಕ್ರಿಯೇಟಿವ್ ಕಾಮನ್ಸ್‌ನದು, ಹೆಸರು ಹೇಳಬೇಕು ಮತ್ತು ಅದೇ ಷರತ್ತಿನಲ್ಲಿ ಹಂಚಬೇಕು ಎನ್ನುವ ಬಗೆಯದು.

ಜನ ಕೋಡ್ ಇಡುವ ಗಿಟ್‌ಹಬ್ ಸೈಟಿನಲ್ಲಿ ಕಣ್ಣಿಗೆ ಕಾಣುತ್ತದೆ, ಆದರೆ ಲೈಸೆನ್ಸ್ ಫೈಲೇ ಇಲ್ಲ ಅಂದರೆ? ಅದು ಓಪನ್ ಸೋರ್ಸ್ ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯ ಕೃತಿ. ಬರೆದವರು ಬಿಟ್ಟುಕೊಡದಿದ್ದರೆ ಹಕ್ಕೆಲ್ಲಾ ಬರೆದವರದ್ದೇ. ರಸ್ತೆ ಬದಿ ತೋಟಕ್ಕೆ ಬೇಲಿ ಇಲ್ಲ ಅಂದ ಮಾತ್ರಕ್ಕೆ ಅಡಿಕೆ ಕೊನೆ ಕೊಯ್ಯಬಹುದು ಅಂತಲ್ಲವಲ್ಲ. ಬೇಕೇ ಬೇಕಾದರೆ ಬರೆದವರಿಗೆ ಒಂದು ಇಮೇಲ್ ಹಾಕಿ. ಎಷ್ಟೋ ಜನ ಲೈಸೆನ್ಸ್ ಹಾಕಲು ಮರೆತಿರುತ್ತಾರೆ ಅಷ್ಟೇ. ಕೇಳಿದ ಕೂಡಲೇ ಹಾಕುತ್ತಾರೆ.

ಕನ್ನಡಕ್ಕೆ ಸಂಬಂಧಪಟ್ಟ ಎರಡು ಮಾತು. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮೊದಲಾದ ಫಾಂಟ್‌ಗಳು ಓಎಫ್‌ಎಲ್ ಎಂಬ ಫಾಂಟ್ ಲೈಸೆನ್ಸ್‌ನಲ್ಲಿವೆ. ನಿಮ್ಮ ಸಾಫ್ಟ್‌ವೇರ್ ಜೊತೆ ಸೇರಿಸಿ ಮಾರಬಹುದು. ಫಾಂಟನ್ನು ಮಾತ್ರ ಒಂಟಿಯಾಗಿ ಮಾರುವಂತಿಲ್ಲ. ಇನ್ನು ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಮಾಡಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು. ಅದರ ಪದಸಂಗ್ರಹ ಓಡಿಬಿಎಲ್ ಎಂಬ ಲೈಸೆನ್ಸ್‌ನಲ್ಲಿ ಎಲ್ಲರಿಗೂ ತೆರೆದಿದೆ. ಅದನ್ನಿಟ್ಟುಕೊಂಡು ನಿಘಂಟು ಆ್ಯಪ್ ಮಾಡಿ ಮಾರಲು ಅಡ್ಡಿ ಇಲ್ಲ. ಆದರೆ ಮೂಲ ಯಾವುದು ಎಂದು ಹೇಳಬೇಕು. ಪದಗಳನ್ನು ತಿದ್ದಿ, ಸೇರಿಸಿ, ಆ ಹೊಸ ಸಂಗ್ರಹವನ್ನು ಜನರಿಗೆ ಕೊಟ್ಟರೆ ಅದೂ ಅದೇ ಲೈಸೆನ್ಸ್‌ನಲ್ಲಿ ತೆರೆದಿರಬೇಕು. ಅಷ್ಟು ವರ್ಷದ ದುಡಿಮೆಯ ಮೇಲೆ ಬರೀ ತಮ್ಮ ಲೋಗೋ ಹಾಕಿಕೊಳ್ಳುವ ಧೈರ್ಯ ಹೇಗೆ ಬರುತ್ತದೋ ನನಗಂತೂ ಅರ್ಥವಾಗುವುದಿಲ್ಲ.

ಎರಡನೇ ಹೆಜ್ಜೆ: ಅಡಿಕೆ ಬೇರೆ ಮಾಡಿದ ಹಾಗೆ ಬೇರೆ ಮಾಡಿ

ಪಟ್ಟಿಯಲ್ಲಿ ಸಿಕ್ಕ ಲೈಸೆನ್ಸ್‌ಗಳನ್ನು ಗುಡ್ಡೆ ಗುಡ್ಡೆ ಮಾಡಿ. ಮೊದಲ ಗುಡ್ಡೆ ಎಂಐಟಿ, ಬಿಎಸ್‌ಡಿ, ಅಪಾಚೆ 2.0. ಇವರ ಬೇಡಿಕೆ ಸಣ್ಣದು. ಬರೆದವರ ಹೆಸರು ಮತ್ತು ಲೈಸೆನ್ಸ್ ಪಠ್ಯವನ್ನು ಜೊತೆಗಿಡಿ. ಅಪಾಚೆಯವರಾದರೆ ನೋಟೀಸ್ ಫೈಲ್ ಇದ್ದರೆ ಅದನ್ನೂ ಕೊಡಿ, ನೀವು ಬದಲಿಸಿದ ಫೈಲ್‌ಗಳಲ್ಲಿ ಬದಲಿಸಿದ್ದೇವೆ ಎಂದು ಬರೆಯಿರಿ. ನಿಮ್ಮ ಕೋಡ್ ಮುಚ್ಚಿಟ್ಟುಕೊಳ್ಳಬಹುದು. ಇಷ್ಟು ಸುಲಭದ್ದನ್ನೇ ಜನ ಜಾಸ್ತಿ ಮರೆಯುವುದು. "ನಮ್ಮ ಬಗ್ಗೆ" ಪರದೆಯಲ್ಲಿ ಒಂದು ಬಟನ್ ಇಟ್ಟು ಆ ಪಠ್ಯಗಳನ್ನೆಲ್ಲಾ ಅಲ್ಲಿ ಸುರಿದರೆ ಆಯಿತು.

ಎರಡನೇ ಗುಡ್ಡೆ ಎಲ್‌ಜಿಪಿಎಲ್. ಲೈಬ್ರರಿಯನ್ನು ನಿಮ್ಮ ಮುಚ್ಚಿದ ಪ್ರೋಗ್ರಾಮ್ ಜೊತೆ ಬಳಸಬಹುದು, ಆದರೆ ಗಿರಾಕಿ ಬೇಕೆಂದರೆ ಆ ಲೈಬ್ರರಿಯನ್ನು ತೆಗೆದು ತನ್ನದೇ ತಿದ್ದಿದ ಆವೃತ್ತಿ ಕೂರಿಸುವಂತಿರಬೇಕು. ಲೈಬ್ರರಿಯನ್ನು ಪ್ರತ್ಯೇಕ ಫೈಲಾಗಿ ಇಟ್ಟರೆ ಬಹುತೇಕ ಕೆಲಸ ಮುಗಿಯುತ್ತದೆ. ವಿಡಿಯೋ ಕೆಲಸಕ್ಕೆ ಎಲ್ಲರೂ ಬಳಸುವ ಎಫ್‌ಎಫ್‌ಎಂಪೆಗ್ ಈ ಗುಡ್ಡೆಯದು. ಎಕ್ಸ್264 ಥರದ ಜಿಪಿಎಲ್ ಭಾಗ ಸೇರಿಸಿ ಕಟ್ಟಿದರೆ ಅದು ಪೂರ್ತಿ ಜಿಪಿಎಲ್ ಆಗಿಬಿಡುತ್ತದೆ. ಯಾರೋ ಕಟ್ಟಿಟ್ಟ ಫೈಲ್ ಇಳಿಸಿಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಮೂರನೇ ಗುಡ್ಡೆ ಜಿಪಿಎಲ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಜಿಪಿಎಲ್ ಕೋಡ್ ನಿಮ್ಮ ಪ್ರೋಗ್ರಾಮಿನೊಳಗೆ ಸೇರಿ ಒಂದೇ ಆಗಿಹೋದರೆ, ಗಿರಾಕಿಗೆ ಕೊಡುವಾಗ ಇಡೀ ಪ್ರೋಗ್ರಾಮನ್ನು ಜಿಪಿಎಲ್‌ನಲ್ಲೇ ಕೊಡಬೇಕು, ಸೋರ್ಸ್ ಕೋಡ್ (ಓದಿ ತಿದ್ದಬಹುದಾದ ಮೂಲ ಬರಹ) ಸಮೇತ. ಇದನ್ನು ಕೇಳಿದ ಕೂಡಲೇ "ಊರಿಗೆಲ್ಲಾ ಕೋಡ್ ಹಂಚಬೇಕಾ?" ಅಂತ ಗಾಬರಿಯಾಗುತ್ತಾರೆ. ಹಾಗಿಲ್ಲ. ಪ್ರೋಗ್ರಾಮ್ ಪಡೆದವರಿಗೆ ಪ್ರೋಗ್ರಾಮಿನ ಜೊತೆಗೇ ಕೋಡ್ ಕೊಟ್ಟರೆ ಸಾಕು. ಮಂಡಿ ಯಜಮಾನರಿಗೆ ಕೊಟ್ಟರೆ ಯಜಮಾನರಿಗೆ ಮಾತ್ರ. ಆದರೆ ಯಜಮಾನರು ಅದನ್ನು ಪಕ್ಕದ ಮಂಡಿಗೆ ಕೊಟ್ಟರೆ ನೀವು ಬೇಡ ಅನ್ನುವಂತಿಲ್ಲ. ಲೈಸೆನ್ಸ್ ಕೀ ಹಾಕಬಹುದು. ಅವರು ಕೋಡ್ ತಿದ್ದಿ ಆ ಕೀಯನ್ನು ಕಿತ್ತುಹಾಕಿದರೆ ಕೇಳುವಂತಿಲ್ಲ. ಒಪ್ಪಂದ ಬರೆದು ಈ ಹಕ್ಕು ಕಿತ್ತುಕೊಳ್ಳುವಂತೆಯೂ ಇಲ್ಲ. ಬಿಲ್ಲಿನ ಹಿಂದೆ ಸಣ್ಣಕ್ಷರದಲ್ಲಿ "ನಕಲು ಮಾಡಬಾರದು" ಎಂದು ಹಳೇ ಅಭ್ಯಾಸದಿಂದ ಅಚ್ಚು ಹಾಕಿಸುವವರು ಆ ಸಾಲನ್ನು ತೆಗೆಸಿ.

ನಾಲ್ಕನೆಯದು ಎಜಿಪಿಎಲ್. ಸಾಫ್ಟ್‌ವೇರನ್ನು ಗಿರಾಕಿಯ ಕೈಗೆ ಕೊಡದೆ ನಿಮ್ಮ ಸರ್ವರ್‌ನಲ್ಲೇ ಓಡಿಸಿ ತಿಂಗಳ ಬಾಡಿಗೆ ತೆಗೆದುಕೊಂಡರೆ ಜಿಪಿಎಲ್ ಏನೂ ಕೇಳುವುದಿಲ್ಲ. ಎಜಿಪಿಎಲ್ ಕೇಳುತ್ತದೆ. ಕೋಡ್ ತಿದ್ದಿ ನೆಟ್‌ವರ್ಕ್ ಮೂಲಕ ಜನರಿಗೆ ಬಳಸಲು ಕೊಟ್ಟರೆ, ಬಳಸುವವರಿಗೆ ಸೋರ್ಸ್ ಸಿಗುವಂತಿರಬೇಕು. ಬಿಲ್ ಪಿಡಿಎಫ್ ಮಾಡುವವರು ಎಡವುವುದು ಇಲ್ಲೇ. ಜಾವಾದವರ ಐಟೆಕ್ಸ್ಟ್ 2009ರಲ್ಲಿ ಬಂದ 5ನೇ ಆವೃತ್ತಿಯಿಂದ ಎಜಿಪಿಎಲ್. ಕೋಡ್ ತೆರೆಯಲು ಇಷ್ಟವಿಲ್ಲದವರು ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಕೊಳ್ಳಬೇಕು. ಪಿಡಿಎಫ್ ಕೆಲಸಕ್ಕೇ ಬಳಸುವ ಗೋಸ್ಟ್‌ಸ್ಕ್ರಿಪ್ಟ್ ಕಥೆಯೂ ಅಂಥದ್ದೇ. ಕೊರಿಯಾದ ಹ್ಯಾನ್‌ಕಾಮ್ ಕಂಪನಿ ಅದನ್ನು ತನ್ನ ಆಫೀಸ್ ಸಾಫ್ಟ್‌ವೇರಿನೊಳಗೆ ಸೇರಿಸಿ ಮಾರಿತು. ಕೋಡೂ ಕೊಡಲಿಲ್ಲ, ಲೈಸೆನ್ಸೂ ಕೊಳ್ಳಲಿಲ್ಲ. ಗೋಸ್ಟ್‌ಸ್ಕ್ರಿಪ್ಟ್ ಮಾಡುವ ಆರ್ಟಿಫೆಕ್ಸ್ 2016ರಲ್ಲಿ ಅಮೆರಿಕದ ಕೋರ್ಟಿಗೆ ಹೋಯಿತು. ಕೇಸು ವಜಾ ಮಾಡಿ ಎಂದು ಹ್ಯಾನ್‌ಕಾಮ್ ಕೇಳಿದ್ದನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು.

ಇನ್ನೊಂದು ಗುಡ್ಡೆ ಇದೆ. ಕೋಡ್ ನೋಡಲು ಸಿಗುತ್ತದೆ, ಆದರೆ ಓಪನ್ ಸೋರ್ಸ್ ಅಲ್ಲ. ಬಿಎಸ್‌ಎಲ್ (ಬಿಸಿನೆಸ್ ಸೋರ್ಸ್ ಲೈಸೆನ್ಸ್), ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್), "ವ್ಯಾಪಾರಕ್ಕೆ ಬಳಸಬಾರದು" ಎಂಬ ಕ್ರಿಯೇಟಿವ್ ಕಾಮನ್ಸ್ ಐಕಾನ್‌ಗಳು. ಮಾರುವ ಸರಕಿನಲ್ಲಿ ಇವಿದ್ದರೆ ಷರತ್ತನ್ನು ಎರಡು ಸಲ ಓದಿ.

ನಾನೇ ಬಿದ್ದ ಗುಂಡಿ

ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡಲು ಎರಡು ದಾರಿ. ಪೈಕ್ಯೂಟಿ ಮತ್ತು ಪೈಸೈಡ್. ಎರಡೂ ಕ್ಯೂಟಿ ಎಂಬ ಒಂದೇ ಮೂಲದ ಮೇಲೆ ಕೂತಿವೆ, ಬರೆಯುವ ಕೋಡೂ ಹೆಚ್ಚುಕಡಿಮೆ ಒಂದೇ. ಆದರೆ ಪೈಕ್ಯೂಟಿ ಜಿಪಿಎಲ್, ಬೇಡ ಅಂದರೆ ದುಡ್ಡು ಕೊಟ್ಟು ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಪೈಸೈಡ್ ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ. ನಾನು ಕಲಿತ ವಿಡಿಯೋದಲ್ಲಿ ಪೈಕ್ಯೂಟಿ ಇತ್ತು, ಅದನ್ನೇ ಹಾಕಿದೆ. ಕೋಡ್ ಮುಚ್ಚಿ ಒಂಬತ್ತು ಗಿರಾಕಿಗಳಿಗೆ ಮಾರಿದೆ. ಲೈಸೆನ್ಸ್ ಪುಟವನ್ನು ಒಮ್ಮೆಯೂ ತೆರೆದಿರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಗೊತ್ತಾದಾಗ ನನ್ನ ಮುಂದೆ ಮೂರು ದಾರಿ ಇತ್ತು. ವಾಣಿಜ್ಯ ಲೈಸೆನ್ಸ್ ಕೊಳ್ಳುವುದು, ನನ್ನ ಕೋಡ್ ಪೂರ್ತಿ ಜಿಪಿಎಲ್‌ನಲ್ಲಿ ಕೊಡುವುದು, ಪೈಸೈಡ್‌ಗೆ ಬದಲಿಸುವುದು. ಯಾರಿಗೂ ಗೊತ್ತಾಗಲ್ಲ, ಬಿಡು ಅನ್ನುವ ನಾಲ್ಕನೆಯದೂ ಇತ್ತು. ಅದನ್ನೂ ಎರಡು ದಿನ ಯೋಚಿಸಿದೆ ಅಂತ ಒಪ್ಪಿಕೊಳ್ಳುತ್ತೇನೆ. ಆಮೇಲೆ ಕೂತು ಪೈಸೈಡ್‌ಗೆ ಬದಲಿಸಿದೆ. ಒಂದು ವಾರದಲ್ಲಿ ಆಗುತ್ತದೆ ಅಂದುಕೊಂಡಿದ್ದು ಮೂರು ವಾರ ಹಿಡಿಯಿತು. ಪಟ್ಟಿ ಪ್ರಿಂಟ್ ಮಾಡುವ ಭಾಗವೊಂದೇ ಐದು ದಿನ ತಿಂದಿತು. ಒಂಬತ್ತೂ ಕಡೆ ಹೊಸದನ್ನು ಹಾಕಿ, ಏನಾಗಿತ್ತು ಅಂತ ಅರ್ಧ ಪುಟದ ಪತ್ರ ಕೊಟ್ಟೆ. ಎಂಟು ಜನ ಓದಲೂ ಇಲ್ಲ. ಒಬ್ಬರು ಮಾತ್ರ, "ಇದಕ್ಕೆ ಮತ್ತೆ ದುಡ್ಡು ಕೊಡಬೇಕಾ?" ಎಂದು ಕೇಳಿದರು.

ನಿಮಗೂ ಹೀಗಾಗಿದ್ದರೆ ಮೊದಲು ಮಾರುವುದನ್ನು ನಿಲ್ಲಿಸಿ, ಸರಿಮಾಡಿ, ಆಮೇಲೆ ಮಾರಿ. ಮೂಲ ಬರೆದವರೇ ಪತ್ರ ಬರೆದರೆ ವಾದಕ್ಕೆ ಇಳಿಯಬೇಡಿ. ಜಿಪಿಎಲ್ 3ರಲ್ಲಿ ಇದಕ್ಕೊಂದು ಸಮಾಧಾನದ ಷರತ್ತಿದೆ. ಅವರಿಂದ ಮೊದಲ ಸಲ ನೋಟಿಸ್ ಬಂದು, 30 ದಿನದೊಳಗೆ ನೀವು ತಪ್ಪು ಸರಿಪಡಿಸಿದರೆ ಹಕ್ಕು ಮರಳಿ ಸಿಗುತ್ತದೆ. ಜಿಪಿಎಲ್ 2ರಲ್ಲಿ ಈ ದಯೆ ಇಲ್ಲ. ಷರತ್ತು ಮುರಿದ ಕೂಡಲೇ ಹಕ್ಕು ಹೋಗುತ್ತದೆ.

ಮೂರನೇ ಹೆಜ್ಜೆ: ಕೊಟೇಶನ್‌ನಲ್ಲೇ ಹೇಳಿ

ಲೈಸೆನ್ಸ್ ಪಾಲಿಸುವುದು ಕಾನೂನಿನ ಮಟ್ಟ. ಅದಷ್ಟೇ ಮಾಡಿ ಗಿರಾಕಿಗೆ ಮೋಸ ಮಾಡಲೂಬಹುದು. ಒಂದು ಆಫೀಸ್ ಪ್ಯಾಕೇಜನ್ನೋ ಫೋಟೋ ಎಡಿಟರನ್ನೋ ತೆಗೆದುಕೊಂಡು, ಹೆಸರು ಬದಲಿಸಿ, ಪೆನ್‌ಡ್ರೈವ್‌ಗೆ ಹಾಕಿ, ಲೈಸೆನ್ಸ್ ಫೈಲನ್ನೂ ಒಳಗೆಲ್ಲೋ ಇಟ್ಟು, "ನಮ್ಮ ಸ್ವಂತ ತಯಾರಿ" ಎಂದು ಶಾಲೆಗಳಿಗೆ ಮಾರಬಹುದು. ಕೋರ್ಟಿನಲ್ಲಿ ಹೇಗೋ ನಿಲ್ಲಬಹುದು. ಆದರೆ ಮೊದಲು ಹೇಳಿದ ಪರೀಕ್ಷೆಯಲ್ಲಿ ಫೇಲು.

ನಾನು ಈಗ ಕೊಟೇಶನ್‌ನಲ್ಲಿ ಬರೆಯುವುದು ಹೀಗಿದೆ. ಬೇಕಾದರೆ ಎತ್ತಿಕೊಳ್ಳಿ:

"ಈ ಸಾಫ್ಟ್‌ವೇರನ್ನು ಓಪನ್ ಸೋರ್ಸ್ ಭಾಗಗಳ ಮೇಲೆ ಕಟ್ಟಲಾಗಿದೆ. ಆ ಭಾಗಗಳು ಅಂತರ್ಜಾಲದಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಅವುಗಳ ಪಟ್ಟಿ ಜೊತೆಗಿದೆ. ನೀವು ಕೊಡುವ ಹಣ ಮಂಡಿ ಲೆಕ್ಕಕ್ಕೆ ನಾವು ಬರೆದ ಭಾಗಕ್ಕೆ, ನಿಮ್ಮ ಕಂಪ್ಯೂಟರಿಗೆ ಹಾಕಿ ಕಲಿಸಿಕೊಡುವುದಕ್ಕೆ, ಮತ್ತು ಒಂದು ವರ್ಷ ತೊಂದರೆ ಬಂದಾಗ ನೋಡಿಕೊಳ್ಳುವುದಕ್ಕೆ."

ಇದನ್ನು ಹಾಕಿದ ಮೇಲೆ ಒಬ್ಬ ಗಿರಾಕಿ ಹೋದರು, ನಿಜ. ಉಳಿದವರು ಚೌಕಾಸಿ ಮಾಡಿದ್ದು ಮೊದಲಿನಷ್ಟೇ. ಅಡಿಗೆ ಭಟ್ಟರಿಗೆ ದುಡ್ಡು ಕೊಡುವಾಗ ಅಕ್ಕಿ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ ಅಂತ ಯಾರೂ ಲೆಕ್ಕ ಹಾಕುವುದಿಲ್ಲ ಅಲ್ವಾ?

ಹೆಸರಿನ ವಿಷಯದಲ್ಲೂ ಹುಷಾರು. ಕೋಡ್ ಬಳಸುವ ಹಕ್ಕು ಸಿಕ್ಕಿದರೆ ಹೆಸರು, ಲೋಗೋ ಬಳಸುವ ಹಕ್ಕೂ ಸಿಕ್ಕಿತು ಅಂತಲ್ಲ. ಫೈರ್‌ಫಾಕ್ಸ್ ಬ್ರೌಸರಿನ ಕೋಡನ್ನು ತಿದ್ದಿ ತಮ್ಮ ಲಿನಕ್ಸ್ ಜೊತೆ ಹಂಚುತ್ತಿದ್ದ ಡೆಬಿಯನ್‌ನವರಿಗೂ ಅದನ್ನು ಮಾಡುವ ಮೊಜಿಲ್ಲಾಕ್ಕೂ ಹೆಸರಿನ ಬಗ್ಗೆ ಹೊಂದಾಣಿಕೆ ಆಗದೆ, 2006ರಿಂದ ಸುಮಾರು ಹತ್ತು ವರ್ಷ ಡೆಬಿಯನ್‌ನಲ್ಲಿ ಅದೇ ಬ್ರೌಸರ್ ಐಸ್‌ವೀಸಲ್ ಎಂಬ ಹೆಸರಲ್ಲಿತ್ತು. "ಇಂಥದ್ದರ ಮೇಲೆ ಕಟ್ಟಿದ್ದು" ಎನ್ನಿ, ತೊಂದರೆ ಇಲ್ಲ. ಅವರೇ ನಾವು ಎನ್ನುವಂತೆ ಬೋರ್ಡ್ ಹಾಕಬೇಡಿ.

ಕಂಪನಿಗಳಿಗೆ ಕೆಲಸ ಮಾಡಿಕೊಡುವವರು ಒಪ್ಪಂದದ ಒಂದು ಸಾಲನ್ನು ಹುಡುಕಿ ಓದಿ. "ಕೊಟ್ಟ ಎಲ್ಲ ಕೋಡಿನ ಪೂರ್ತಿ ಹಕ್ಕು ನಮ್ಮದು" ಎಂದು ಇರುತ್ತದೆ. ಅದಕ್ಕೆ ಸುಮ್ನೆ ಸಹಿ ಹಾಕಿದರೆ ನಮ್ಮದಲ್ಲದ್ದನ್ನು ಬರೆದುಕೊಟ್ಟಂತೆ. "ಜೊತೆಗಿರುವ ಪಟ್ಟಿಯಲ್ಲಿನ ಓಪನ್ ಸೋರ್ಸ್ ಭಾಗಗಳನ್ನು ಬಿಟ್ಟು" ಎಂದು ಸೇರಿಸಲು ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ.

ನಾಲ್ಕನೇ ಹೆಜ್ಜೆ: ಕೋಡ್ ಕೊಡುವುದಾದರೆ ನೆಟ್ಟಗೆ ಕೊಡಿ

ಜಿಪಿಎಲ್ ಭಾಗ ಇದ್ದರೆ ಸೋರ್ಸ್ ಕೊಡಲು ಸುಲಭದ ದಾರಿ, ಪ್ರೋಗ್ರಾಮ್ ಕೊಡುವಾಗಲೇ ಅದೇ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡುವುದು. ಇಲ್ಲದಿದ್ದರೆ ಲಿಖಿತ ಭರವಸೆ ಕೊಟ್ಟು ಕನಿಷ್ಠ ಮೂರು ವರ್ಷ ಅದನ್ನು ಉಳಿಸಿಕೊಳ್ಳಬೇಕು, ಕೇಳಿದವರಿಗೆಲ್ಲಾ ಕೊಡಬೇಕು. ಮೂರು ವರ್ಷದ ಹಿಂದಿನ ಕೋಡ್ ಯಾವ ಲ್ಯಾಪ್‌ಟಾಪಿನಲ್ಲಿತ್ತು ಅಂತ ಹುಡುಕುವ ಸಂಕಟ ಯಾಕೆ? ಕೊಡುವುದು ನೀವು ಮಾರಿದ ಅದೇ ಆವೃತ್ತಿಯ ಕೋಡ್ ಆಗಿರಬೇಕು. ಕಟ್ಟುವ ಸ್ಕ್ರಿಪ್ಟ್‌ಗಳೂ ಇರಬೇಕು. ಬೇರೊಬ್ಬ ಹುಡುಗ ಅದರಿಂದ ಪ್ರೋಗ್ರಾಮ್ ಕಟ್ಟಲು ಆಗದಿದ್ದರೆ ಕೊಟ್ಟೂ ಕೊಡದ ಹಾಗೆ.

ಕೊಡುವುದರಿಂದ ಏನೇನಾಗುತ್ತದೆ ಎನ್ನುವುದಕ್ಕೆ ನನಗೆ ತುಂಬಾ ಇಷ್ಟದ ಕಥೆ ಲಿಂಕ್‌ಸಿಸ್ ರೌಟರ್‌ನದು. ಡಬ್ಲ್ಯೂಆರ್‌ಟಿ54ಜಿ ಅನ್ನುವ ನೀಲಿ-ಕಪ್ಪು ಡಬ್ಬಿ. ಒಳಗೆ ಲಿನಕ್ಸ್ ಇತ್ತು, ಕಂಪನಿ ಅದನ್ನು ಹೇಳಿರಲಿಲ್ಲ. 2003ರಲ್ಲಿ ಜನ ಅದನ್ನು ಪತ್ತೆ ಹಚ್ಚಿ ಕೋಡ್ ಕೇಳಿದರು. ಒತ್ತಡ ಹೆಚ್ಚಾಗಿ ಕಂಪನಿ ಕೋಡ್ ಬಿಡಬೇಕಾಯಿತು. ಆ ಕೋಡಿನಿಂದಲೇ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೌಟರ್ ಸಾಫ್ಟ್‌ವೇರ್ ಹುಟ್ಟಿತು. ಇವತ್ತು ಎಷ್ಟೋ ಕಂಪನಿಗಳ ರೌಟರ್‌ಗಳಲ್ಲಿ ಅದು ಓಡುತ್ತದೆ. ಆ ಡಬ್ಬಿಯ ಮಾರಾಟವೂ ನಿಲ್ಲಲಿಲ್ಲ. ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಅನ್ನುವ ಕಾರಣಕ್ಕೇ ಹುಡುಕಿಕೊಂಡು ಹೋಗಿ ಕೊಂಡವರಿದ್ದರು. ಲಿಂಕ್‌ಸಿಸ್ ಕೊಂಡಿದ್ದ ಸಿಸ್ಕೋ ಅಷ್ಟಕ್ಕೇ ಪಾಠ ಕಲಿಯಲಿಲ್ಲ. ಸ್ಟಾಲ್‌ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರ ಡಿಸೆಂಬರ್‌ನಲ್ಲಿ ಅದರ ಮೇಲೆ ದಾವೆ ಹೂಡಿತು. ಮರುವರ್ಷ ರಾಜಿಯಾಯಿತು. ಲೈಸೆನ್ಸ್ ಪಾಲನೆ ನೋಡಿಕೊಳ್ಳಲು ಒಬ್ಬರನ್ನು ನೇಮಿಸುತ್ತೇವೆ ಎಂದು ಸಿಸ್ಕೋ ಒಪ್ಪಿತು, ಫೌಂಡೇಶನ್‌ಗೆ ಹಣವನ್ನೂ ಕೊಟ್ಟಿತು.

ಐದನೇ ಹೆಜ್ಜೆ: ಬರೆದವರಿಗೆ ಏನು?

ಯಾವ ಲೈಸೆನ್ಸೂ ಇದನ್ನು ಕೇಳುವುದಿಲ್ಲ. ಒಂದು ಪೈಸೆ ವಾಪಸ್ ಕೊಡದಿದ್ದರೂ ನೀವು ತಪ್ಪಿತಸ್ಥರಲ್ಲ. ಆದರೂ 2014ರ ಹಾರ್ಟ್‌ಬ್ಲೀಡ್ ನೆನಪಿಸಿಕೊಳ್ಳಿ. ಜಗತ್ತಿನ ಅರ್ಧಕ್ಕರ್ಧ ಸುರಕ್ಷಿತ ವೆಬ್‌ಸೈಟುಗಳು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ದೊಡ್ಡ ತೂತು ಸಿಕ್ಕಿತು. ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಅಂತ ಆಮೇಲೆ ಹೊರಬಿತ್ತು. ಅದರ ಮೇಲೆ ಕೋಟಿಗಟ್ಟಲೆ ವಹಿವಾಟು ನಡೆಸುತ್ತಿದ್ದವರು ಯಾರೂ ಅತ್ತ ತಿರುಗಿ ನೋಡಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ ತೂತು ಕಂಡಾಗಲೂ ಅದನ್ನು ನೋಡಿಕೊಳ್ಳುತ್ತಿದ್ದವರು ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಕೆಲವೇ ಜನ. ನಿದ್ದೆಗೆಟ್ಟು ಕೂತು ಸರಿಮಾಡಿದವರಿಗೆ ಜನರಿಂದ ಸಿಕ್ಕಿದ್ದು ಬೈಗುಳ.

ನಮ್ಮಂಥವರು ಏನು ಮಾಡಬಹುದು? ನಾನು ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಎರಡು ರೂಪಾಯಿ ಬೇರೆ ಇಡುತ್ತೇನೆ. ಮಾರ್ಚ್‌ನಲ್ಲಿ ಲೆಕ್ಕ ಮುಗಿಸುವಾಗ ಆ ದುಡ್ಡನ್ನು ಎರಡು-ಮೂರು ಸಣ್ಣ ಲೈಬ್ರರಿಗಳಿಗೆ ಕಳಿಸುತ್ತೇನೆ. ದೊಡ್ಡವರಿಗೆ ಕೊಡುವವರು ಇದ್ದಾರೆ, ಹಾಗಾಗಿ ಒಬ್ಬರೇ ನಡೆಸುವಂಥದ್ದನ್ನು ಹುಡುಕುತ್ತೇನೆ. ದೊಡ್ಡ ಮಟ್ಟದಲ್ಲಿ ಮಾಡುವವರೂ ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ಝೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಶುರು ಮಾಡಿ, ವರ್ಷಕ್ಕೆ 10 ಲಕ್ಷ ಡಾಲರ್ ಮುಕ್ತ ಯೋಜನೆಗಳಿಗೆ ಕೊಡುತ್ತೇವೆ ಎಂದಿತು. ತಮ್ಮ ಕಂಪನಿ ನಿಂತಿರುವುದೇ ಇಂಥ ಕೋಡಿನ ಮೇಲೆ ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ದುಡ್ಡಿಲ್ಲದಿದ್ದರೂ ಕೊಡಲು ಬೇಕಾದಷ್ಟಿದೆ. ತಪ್ಪು ಸಿಕ್ಕಿದರೆ ಅದು ಹೇಗೆ ಬರುತ್ತದೆ ಅಂತ ಹಂತಹಂತವಾಗಿ ಬರೆದು ತಿಳಿಸಿ. ನೀವೇ ಸರಿಮಾಡಿಕೊಂಡಿದ್ದರೆ ಅದನ್ನು ಮೂಲದವರಿಗೆ ಕಳಿಸಿ. ಕನ್ನಡ ಅಕ್ಷರ ಪಿಡಿಎಫ್‌ನಲ್ಲಿ ಒಡೆದು ಬರುವುದು, ಒತ್ತಕ್ಷರ ಜಾಗ ತಪ್ಪುವುದು ಇಂಥವು ಕನ್ನಡ ಓದಲು ಬಾರದವರ ಕಣ್ಣಿಗೆ ಬೀಳುವುದೇ ಇಲ್ಲ. ನಾವು ಹೇಳದಿದ್ದರೆ ಇನ್ಯಾರು ಹೇಳಬೇಕು?

ಒಂದನ್ನಂತೂ ಮಾಡಲೇಬೇಡಿ. "ಅರ್ಜೆಂಟ್, ನಾಳೆ ಗಿರಾಕಿಗೆ ತೋರಿಸಬೇಕು" ಎಂದು ಪುಕ್ಕಟೆ ಕೆಲಸ ಮಾಡುವವರ ಬೆನ್ನು ಹತ್ತಬೇಡಿ. ಗಿರಾಕಿಯಿಂದ ದುಡ್ಡು ತೆಗೆದುಕೊಂಡವರು ನಾವು. ಅರ್ಜೆಂಟ್ ಕೂಡ ನಮ್ಮದೇ.

ನಿಮ್ಮ ಕೋಡನ್ನೇ ತೆರೆದು ವ್ಯಾಪಾರ ಮಾಡುವುದಾದರೆ

ಇದು ಎಲ್ಲರಿಗೂ ಬೇಕಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಮುಂಬೈನ ಫ್ರಾಪೆ ಕಂಪನಿ ಇಆರ್‌ಪಿನೆಕ್ಸ್ಟ್ ಎಂಬ ವ್ಯಾಪಾರ ನಿರ್ವಹಣೆಯ ಸಾಫ್ಟ್‌ವೇರನ್ನು ಜಿಪಿಎಲ್ 3ರಲ್ಲಿ ಪೂರ್ತಿ ತೆರೆದಿಟ್ಟಿದೆ. ಸರ್ವರ್‌ನಲ್ಲಿ ಇಟ್ಟು ನಡೆಸಿಕೊಡುವುದರಿಂದ, ಸಪೋರ್ಟಿನಿಂದ ಸಂಪಾದಿಸುತ್ತದೆ. ಅದನ್ನೇ ಇಟ್ಟುಕೊಂಡು ಬೇರೆ ಊರುಗಳಲ್ಲಿ ಎಷ್ಟೋ ಸಣ್ಣ ಅಂಗಡಿಗಳೂ ಬದುಕುತ್ತಿವೆ.

ತಕರಾರು ಆಗುವುದು ಆಟದ ಮಧ್ಯೆ ನಿಯಮ ಬದಲಿಸಿದಾಗ. 2018ರಲ್ಲಿ ಮಾಂಗೋಡಿಬಿ, 2021ರಲ್ಲಿ ಇಲ್ಯಾಸ್ಟಿಕ್, 2023ರಲ್ಲಿ ಹ್ಯಾಶಿಕಾರ್ಪ್, 2024ರಲ್ಲಿ ರೆಡಿಸ್, ಈ ಸಾಫ್ಟ್‌ವೇರ್ ಕಂಪನಿಗಳು ತಮ್ಮ ಲೈಸೆನ್ಸ್ ಬಿಗಿ ಮಾಡಿದವು. ಕ್ಲೌಡ್ ಕಂಪನಿಗಳು ನಮ್ಮ ಕೋಡ್ ಓಡಿಸಿ ದುಡ್ಡು ಮಾಡುತ್ತವೆ, ನಮಗೇನೂ ಕೊಡುವುದಿಲ್ಲ ಎಂಬುದು ಅವರಲ್ಲಿ ಬಹುತೇಕರ ದೂರು. ಆ ದೂರು ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಪುಕ್ಕಟೆ ಕೋಡ್ ಬರೆದುಕೊಟ್ಟ ಹೊರಗಿನವರು "ನಮ್ಮನ್ನು ಕೇಳಿದಿರಾ?" ಎಂದರು. ಆ ದೂರೂ ಸುಳ್ಳಲ್ಲ. ಮೊದಲು ತೆರೆದಿದ್ದ ಕೋಡನ್ನೇ ಇಟ್ಟುಕೊಂಡು ರೆಡಿಸ್ ಒಡೆದು ವ್ಯಾಲ್‌ಕೀ ಹುಟ್ಟಿತು, ಹ್ಯಾಶಿಕಾರ್ಪ್‌ನ ಟೆರಾಫಾರ್ಮ್‌ನಿಂದ ಓಪನ್‌ಟೋಫು. ಇಲ್ಯಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಸೇರಿಸಿ ಮತ್ತೆ ಓಪನ್ ಸೋರ್ಸ್‌ಗೆ ಬಂದವು. ನೀವು ಹೊರಗಿನವರ ಕೈ ಜೋಡಿಸಿಕೊಳ್ಳುವುದಾದರೆ, ಮುಂದೆ ಈ ಕೋಡನ್ನು ಮುಚ್ಚುವ ಆಸೆ ಇದೆಯೋ ಇಲ್ಲವೋ ಅಂತ ಅವರ ಮೊದಲ ಸಾಲು ತೆಗೆದುಕೊಳ್ಳುವ ಮುಂಚೆಯೇ ಹೇಳಿಬಿಡಿ.

ಮತ್ತೆ ಮಂಡಿಗೆ

ಹೋದ ವರ್ಷ ಸೀಸನ್ ಮುಗಿದ ಮೇಲೆ ಅದೇ ಯಜಮಾನರ ಹತ್ತಿರ ಹೋದೆ. ಪಟ್ಟಿ ಪ್ರಿಂಟ್ ಮಾಡಿ ತೆಗೆದುಕೊಂಡು ಹೋಗಿದ್ದೆ. ಎಂಬತ್ತಕ್ಕೂ ಮೀರಿದ ಹೆಸರು, ಎದುರಿಗೆ ಲೈಸೆನ್ಸ್. ಕೊನೆಯಲ್ಲಿ ನಾನು ಬರೆದ ಭಾಗ ಯಾವುದು ಅಂತ ಬೇರೆ ಹಾಕಿದ್ದೆ. ನನ್ನ ಭಾಗದ ಕೋಡನ್ನೂ ಪೆನ್‌ಡ್ರೈವ್‌ಗೆ ಹಾಕಿದ್ದೆ. ಲೈಸೆನ್ಸ್ ಹಾಗೆ ಕೇಳುತ್ತಿರಲಿಲ್ಲ. ನಾಳೆ ನಾನಿಲ್ಲದಿದ್ದರೂ ಅವರ ಲೆಕ್ಕ ನಿಲ್ಲಬಾರದಲ್ಲ.

ಅವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಇಷ್ಟು ಜನ ಮಾಡಿದ್ದಾ ಇದನ್ನ?" ಎಂದರು. ಹೌದು ಎಂದೆ.

"ಇವರಿಗೆಲ್ಲಾ ಯಾರು ಕೊಡ್ತಾರೆ ದುಡ್ಡು?"

ನೂರಕ್ಕೆ ಎರಡು ರೂಪಾಯಿಯ ವಿಷಯ ಹೇಳಿದೆ. ಅವರು ಏನೂ ಹೇಳಲಿಲ್ಲ. ಪೆನ್‌ಡ್ರೈವನ್ನು ಒಂದು ಕವರ್‌ಗೆ ಹಾಕಿ, ಮೇಲೆ "ಸಾಫ್ಟ್‌ವೇರ್ ಮೂಲ" ಅಂತ ಬರೆದು, ಜಮೀನಿನ ಪಹಣಿ ಇಡುವ ಡ್ರಾಯರ್‌ಗೆ ಹಾಕಿ ಬೀಗ ಹಾಕಿದರು. ಆಮೇಲೆ ಈ ವರ್ಷದ ಸಪೋರ್ಟಿಗೆ ಎಷ್ಟು ಅಂತ ಕೇಳಿ, ಎಂದಿನಂತೆ ಐನೂರು ಕಡಿಮೆ ಮಾಡಿಸಿದರು.